ಕ್ಲಾಸಿನ ಹೊರಗೆ ನಿಂತವಳು

ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ ನಗೋ ಪ್ರಸಂಗಗಳಿಗೇನೂ ಬರವಿಲ್ಲ. ಕೆಲವು ನಡೆಯುವಾಗ ಮಾತ್ರ ನಗು ಬರೋದಿಲ್ಲ, ಅಷ್ಟೇ.

ನಾನು ಯಲಹಂಕದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಯಜಮಾನರು ಬಾಗಲಕೋಟೆ ಕಡೆಯವರು, ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಮನೆ ಅಬ್ಬಿಗೆರೆಯಲ್ಲಿ. ಒಬ್ಬಳೇ ಮಗಳು, ಮೂರನೇ ಕ್ಲಾಸು. ಅವಳಿಗೆ ಮೊದಲಿನಿಂದಲೂ ಆಕಾಶದ ಗೀಳು. ಹಾಲಿನ ಲೋಟ ಹಿಡಿದು ಕಿಟಕಿ ಹತ್ತಿರ ಕೂತಳೆಂದರೆ, ಹಾಲಿನ ಮೇಲೆ ಕೆನೆ ಕಟ್ಟಿ, ಆ ಕೆನೆ ಸುಕ್ಕುಗಟ್ಟಿದರೂ ಅವಳು ಅಲ್ಲಿರುವುದಿಲ್ಲ. ಯಾವುದೋ ಮೋಡದ ಬೆನ್ನ ಮೇಲೆ ಕೂತು ಹೆಸರಘಟ್ಟದ ಕಡೆ ಹೊರಟುಹೋಗಿರುತ್ತಾಳೆ. ನಾವೂ ತಡೆಯುತ್ತಿರಲಿಲ್ಲ. ಹೋದವಳು ತಿಂಡಿ ಹೊತ್ತಿಗೆ ವಾಪಸ್ ಬಂದೇ ಬರುತ್ತಾಳೆ ಅಂತ ಗೊತ್ತಿತ್ತು.

ನೋವು ಎಲ್ಲಿ?

ಈ ವರ್ಷ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ಮಗಳಿಗೆ ಹೊಟ್ಟೆನೋವು ಬಂತು. ಬೆಳಿಗ್ಗೆ ಯೂನಿಫಾರ್ಮ್ ಕಂಡ ಕೂಡಲೇ ಶುರು. ಸ್ಕೂಲ್ ವ್ಯಾನ್ ಹೋದಮೇಲೆ ತಾನಾಗೇ ಮಾಯ. ಭಾನುವಾರ ಹೊಟ್ಟೆಗೂ ರಜಾ.

ಯಜಮಾನರು, "ಇದು ಗ್ಯಾಸ್ ಐತಿ, ಓಮಿನ ನೀರು ಕುಡಸು" ಅಂದರು. ಕುಡಿಸಿದೆ. ನಂತರ ಜೀರಿಗೆ, ನಂತರ ಇಂಗು. ಮಗಳ ಬಾಯಿ ಒಗ್ಗರಣೆ ಡಬ್ಬಿಯ ಹಾಗೆ ಘಮ್ಮೆನ್ನತೊಡಗಿತೇ ಹೊರತು ನೋವು ಹೋಗಲಿಲ್ಲ.

ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಗುವನ್ನು ಮಲಗಿಸಿ, ಹೊಟ್ಟೆಯನ್ನು ಇಲ್ಲಿ ಒತ್ತಿ ಅಲ್ಲಿ ಒತ್ತಿ ಕೇಳಿದರು.

"ಇಲ್ಲಿ ನೋಯುತ್ತಾ ಪುಟ್ಟಿ?"

"ಇಲ್ಲ."

"ಇಲ್ಲಿ?"

"ಇಲ್ಲ."

"ಮತ್ತೆ ಎಲ್ಲಮ್ಮಾ ನೋವು?"

ಮಗಳು ಸೀಲಿಂಗ್ ನೋಡುತ್ತಾ ನಿಧಾನವಾಗಿ ಹೇಳಿದಳು: "ಮೂರನೇ ಮಹಡೀಲಿ."

ಮೂರನೇ ಮಹಡಿಯಲ್ಲಿರುವುದು ಅವಳ ಕ್ಲಾಸು. ಡಾಕ್ಟರು ನನ್ನ ಮುಖ ನೋಡಿದರು. "ಆ ಅಂಗ ನಮ್ಮ ಪುಸ್ತಕದಲ್ಲಿಲ್ಲ ಮೇಡಂ. ನೀವು ಸ್ಕೂಲಿಗೆ ಹೋಗಿ ಬನ್ನಿ" ಅಂದರು.

ಒಂಟೆ

ಅವತ್ತು ಸಂಜೆ ತಲೆ ಬಾಚುತ್ತಾ ಮೆಲ್ಲಗೆ ಕೇಳಿದೆ. ಬಾಚಣಿಗೆ ಮೇಲಿಂದ ಕೆಳಗೆ ಇಳಿಯುತ್ತಿದ್ದ ಹಾಗೆ ಮಾತೂ ಒಂದೊಂದೇ ಎಳೆ ಬಿಡಿಸಿಕೊಂಡು ಬಂತು.

ಕ್ಲಾಸ್ ಟೀಚರಿಗೆ ಇವಳು ಕಿಟಕಿ ನೋಡುವುದು ಕಂಡರೆ ಆಗುವುದಿಲ್ಲ. ಎಲ್ಲರೆದುರು "ಏಯ್ ಮೋಡ, ಮಳೆ ಯಾವಾಗಮ್ಮಾ?" ಅಂತಾರೆ. ಇಡೀ ಕ್ಲಾಸು ನಗುತ್ತೆ. ಆಮೇಲೆ ಕಾರಿಡಾರಿಗೆ ಕಳಿಸುತ್ತಾರೆ, ದಿನಾ.

"ಹೊರಗೆ ಚೆನ್ನಾಗಿತ್ತಮ್ಮ" ಅಂದಳು. "ಅಲ್ಲಿಂದ ಕೆರೆ ಕಾಣುತ್ತೆ. ಚಿಕ್ಕಬಾಣಾವರದ ಟ್ರೇನ್ ಕಾಣುತ್ತೆ. ಚಿಕ್ಕಜಾಲದ ಕಡೆಯಿಂದ ಮೇಲೇರೋ ವಿಮಾನ ಬಿಸಿಲಲ್ಲಿ ಮೀನಿನ ಥರ ಮಿಂಚುತ್ತೆ."

ಶಿಕ್ಷೆಯಲ್ಲೂ ಮಗು ಖುಷಿಯಾಗಿದೆ ಅಂತ ಟೀಚರಿಗೆ ಗೊತ್ತಾಯಿತು. ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ ಬಂದು, "ಈಗೇನ್ ನೋಡ್ತಿದೀಯ?" ಅಂತ ಕೇಳಿದರು.

"ಒಂಟೆ ಮಿಸ್" ಅಂದಳಂತೆ ಇವಳು. ಗೋಡೆಯಲ್ಲಿ ನೀರು ಇಂಗಿ ಒಂದು ಒಂಟೆ ಆಗಿತ್ತಂತೆ. ಟೀಚರು ಕಿವಿ ಹಿಂಡಿದರು.

ಕೂದಲು ಸರಿಸಿ ನೋಡಿದೆ. ಕಿವಿಯ ಹಿಂದೆ ಉಗುರಿನ ಗುರುತು ಕೆಂಪಗಿತ್ತು. ನನಗೆ ಕಣ್ಣು ಮಂಜಾಗಿ ಬಾಚಣಿಗೆ ಕಾಣಲಿಲ್ಲ. ಮಗಳು ತಿರುಗಿ ನನ್ನ ಗಲ್ಲ ಮುಟ್ಟಿ ಸಮಾಧಾನ ಮಾಡಿದಳು.

"ಅಳಬೇಡಮ್ಮ, ಮಿಸ್‌ದು ತಪ್ಪಿಲ್ಲ. ಅವರು ನಿಂತಿದ್ದ ಕಡೆಯಿಂದ ಒಂಟೆ ಕಾಣಲ್ಲ."

ಗ್ರೂಪಿನ ಬೆಂಬಲ

ಶಾಲೆಗೆ ಹೋಗುವ ಮೊದಲು, ಇನ್ಯಾರ ಮಕ್ಕಳಿಗಾದರೂ ಹೀಗಾಗಿದೆಯಾ ಅಂತ ತಿಳಿಯೋಣ ಅನ್ನಿಸಿತು. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: "ನನ್ನ ಮಗಳನ್ನು ದಿನಾ ಕ್ಲಾಸಿನ ಹೊರಗೆ ನಿಲ್ಲಿಸ್ತಿದ್ದಾರೆ. ಬೇರೆ ಯಾರಿಗಾದರೂ ಈ ಅನುಭವ ಆಗಿದೆಯಾ?"

ಸದಾ ಗಿಜಿಗುಟ್ಟುವ ಗ್ರೂಪು, ಮಧ್ಯಾಹ್ನದ ಕೆರೆಯ ಹಾಗೆ ಮೌನವಾಯಿತು. ಎಲ್ಲರೂ ಓದಿದ್ದಾರೆ ಅಂತ ನೀಲಿ ಗುರುತು ಹೇಳುತ್ತಿತ್ತು, ಬಾಯಿ ಮಾತ್ರ ಯಾರೂ ಬಿಡಲಿಲ್ಲ. ಯಾರೋ ಒಬ್ಬರು ಗುಲಾಬಿ ಹೂವಿನ ಚಿತ್ರ ಹಾಕಿದರು. ಅದು ನನಗೋ, ಟೀಚರಿಗೋ ತಿಳಿಯಲಿಲ್ಲ. ನಾನು ಲೈಬ್ರರಿಯ ಕಪಾಟುಗಳ ನಡುವೆ ಫೋನ್ ಹಿಡಿದು, ಯಾರಾದರೂ ಒಂದು ಮಾತು ಆಡಿಯಾರು ಅಂತ ಕಾಯುತ್ತಾ ನಿಂತಿದ್ದೆ. ಅಂತೂ ಒಬ್ಬ ತಾಯಿ ಪ್ರತ್ಯೇಕವಾಗಿ ಮೆಸೇಜ್ ಮಾಡಿದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಓದುವ ಮೊದಲೇ ಕೈಮುಗಿದೆ.

"ಹಾಯ್! ನಿಮ್ಮ ಮಗಳು ಹೇಗೂ ದಿನಾ ಕಾರಿಡಾರಲ್ಲೇ ಇರ್ತಾಳಲ್ಲ, ನಮ್ಮ ಹುಡುಗನ ಸ್ವೆಟರ್ ಅಲ್ಲಿ ಬಿದ್ದಿದ್ಯಾ ನೋಡೋಕೆ ಹೇಳ್ತೀರಾ ಪ್ಲೀಸ್?"

ಹುಲಿಯ ಶಾಲಾಭೇಟಿ

ಯಜಮಾನರಿಗೆ ವಿಷಯ ಗೊತ್ತಾದ ಮೇಲೆ ಮನೆ ನಡುಗಿತು. "ನನ್ನ ಮಗಳ ಕಿವಿ ಮುಟ್ಟತಾರ? ನಾ ಬಂದು ಕೇಳತೀನಿ. ಪ್ರಿನ್ಸಿಪಾಲರು ಕುರ್ಚಿ ಬಿಟ್ಟು ಎದ್ದು ನಿಂದರಬೇಕು, ಹಂಗ ಕೇಳತೀನಿ!" ಅಂತ ಕನ್ನಡಿ ಮುಂದೆ ಅಭ್ಯಾಸವೂ ಆಯಿತು. ಕನ್ನಡಿ ಹೆದರಿದ್ದು ನಿಜ.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತೆವು. ಸೀಮೆಸುಣ್ಣದ ವಾಸನೆ, ದೂರದಲ್ಲಿ ಮಗ್ಗಿ ಹೇಳುವ ದನಿ. ಯಾವುದೋ ಹಳೇ ಕನಸಿನೊಳಗೆ ಬಂದ ಹಾಗಿತ್ತು. ಬಾಗಿಲು ತೆರೆದು ಪ್ರಿನ್ಸಿಪಾಲರು ಒಳಗೆ ಬಂದರು. ನಮ್ಮ ಹುಲಿ ತಟ್ಟನೆ ಎದ್ದು, ಕೈಕಟ್ಟಿ ನಿಂತು, ರಾಗವಾಗಿ "ಗುಡ್ ಮಾ...ರ್ನಿಂಗ್ ಮಿಸ್!" ಅಂದುಬಿಟ್ಟಿತು.

"ಕೂತ್ಕೊಳ್ಳಿ ಸಾರ್" ಅಂದರು ಅವರು. ಇವರು ಕೂತರು. ಆಮೇಲೆ ಬಾಯಿ ತೆರೆಯಲಿಲ್ಲ.

ಹೇಳುವುದೆಲ್ಲ ನನ್ನ ಪಾಲಿಗೆ ಬಂತು. ಹೇಳಿದೆ. ಪ್ರಿನ್ಸಿಪಾಲರು ನಗುನಗುತ್ತಲೇ, "ನೋಡಿ ಮೇಡಂ, ಅದನ್ನ ಶಿಕ್ಷೆ ಅಂದ್ಕೋಬೇಡಿ. ಮಗುಗೆ ಫೋಕಸ್ ಕಲಿಸ್ತಿದ್ದಾರೆ" ಅಂದರು.

"ಕಿವಿಯಲ್ಲಿ ಉಗುರು ಊರಿ ಕಲಿಸೋ ಫೋಕಸ್ ನಮಗೆ ಬೇಡ. ಮಕ್ಕಳ ಮೈಮೇಲೆ ಕೈ ಮಾಡಬಾರದು ಅಂತ ಕಾನೂನಿದೆ. ಇಲ್ಲಿ ಬಗೆಹರೀಲಿಲ್ಲ ಅಂದ್ರೆ ಶಿಕ್ಷಣ ಇಲಾಖೆಗೆ ಹೋಗ್ತೀನಿ" ಅಂದೆ.

ಅವರ ನಗು ನಿಂತಿತು. ಟೀಚರನ್ನೂ ಶಾಲೆಯ ಛೇರ್ಮನ್‌ರನ್ನೂ ಕೂರಿಸಿ ಮಾತಾಡೋಣ ಎಂದರು. ಹೊರಗೆ ಬಂದ ಮೇಲೆ ನಾನು ಯಜಮಾನರನ್ನು ಕೇಳಿದೆ: "ಯಾಕ್ರೀ ಒಂದು ಮಾತೂ ಆಡಲಿಲ್ಲ?"

"ಕೈ ಎತ್ತಿದ್ದೆ" ಅಂದರು ಪಾಪ. "ಅವರು ನೋಡಲೇ ಇಲ್ಲ."

ಛೇರ್ಮನ್ನರ ಯೋಚನೆ

ಛೇರ್ಮನ್ ಎಂದರೆ ಊರಿನ ಹಳೇ ಗೌಡರು. ಅವರ ರಾಗಿ ಹೊಲದಲ್ಲೇ ಈಗ ಶಾಲೆ ನಿಂತಿರುವುದು. ಬಿಳಿ ಪಂಚೆ, ಬಿಳಿ ಶರ್ಟು, ಬಿಳಿ ಮೀಸೆ. ಮೀಟಿಂಗ್ ಇಟ್ಟಿದ್ದು ಅವತ್ತೇ ಊಟದ ನಂತರ. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು, ಬೇವಿನ ಮರದ ನೆರಳು ಮೇಜಿನ ಮೇಲೆ ತೂಗುತ್ತಿತ್ತು. ಮಗಳನ್ನೂ ಕರೆಸಿದರು. ನನ್ನ ಸೆರಗು ಹಿಡಿದು ನಿಂತಳು. ಟೀಚರನ್ನು ಕಂಡ ಕೂಡಲೇ ನನ್ನ ಹಿಂದೆ ಸರಿದಳು.

ಟೀಚರು ಶುರು ಮಾಡಿದರು. "ಸಾರ್, ಈ ಮಗು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡುತ್ತೆ. ಒಬ್ಬರು ಹೀಗಿದ್ರೆ ಕ್ಲಾಸ್ ಶಿಸ್ತೇ ಹಾಳಾಗುತ್ತೆ..."

ಅಷ್ಟರಲ್ಲಿ ಒಂದು ಸಣ್ಣ ಸದ್ದು ಕೇಳಿತು. ಗೌಡರ ಗಲ್ಲ ಎದೆಗೆ ತಾಗಿತ್ತು. ಕಣ್ಣು ಮುಚ್ಚಿತ್ತು. ಮೀಸೆ ಉಸಿರಿಗೆ ತಕ್ಕಂತೆ ಏರಿ ಇಳಿಯುತ್ತಿತ್ತು. ಪ್ರಿನ್ಸಿಪಾಲರು ಟೀಚರಿಗೆ ಮೆಲ್ಲಗೆ ಮಾತಾಡಿ ಅಂತ ಸನ್ನೆ ಮಾಡಿದರು. ಟೀಚರು ದನಿ ಇಳಿಸಿ, ಜೋಗುಳ ಹಾಡುವವರ ಹಾಗೆ ಶಿಸ್ತಿನ ಬಗ್ಗೆ ಮುಂದುವರಿಸಿದರು.

ಮಗಳು ಗೌಡರನ್ನೇ ನೋಡುತ್ತಿದ್ದಳು. ಆಮೇಲೆ ಸ್ಪಷ್ಟವಾಗಿ ಕೇಳಿದಳು: "ಮಿಸ್, ಇವರನ್ನ ಯಾಕೆ ಹೊರಗೆ ನಿಲ್ಲಿಸಲ್ಲ?"

ಗೌಡರು ಬೆಚ್ಚಿ ಎದ್ದರು. "ಯಾರ್ನವ್ವಾ ಒರಗೆ ನಿಲ್ಸೋದು?"

"ನಿಮ್ಮನ್ನ. ನಿದ್ದೆ ಮಾಡ್ತಿದ್ರಲ್ಲ."

"ಇಲ್ಲ ಕಣವ್ವಾ" ಅಂದರು ಗೌಡರು, ಮೀಸೆ ಸರಿಮಾಡಿಕೊಳ್ಳುತ್ತಾ. "ನಾನು ಯೋಚ್ನೆ ಮಾಡ್ತಿದ್ದೆ."

"ನಾನೂ ಮಿಸ್‌ಗೆ ಒಂದಿನ ಅದನ್ನೇ ಹೇಳ್ದೆ. ಅವತ್ತೂ ಕಿವಿ ಹಿಂಡಿದ್ರು."

ಗೌಡರ ಕೈ ತಮಗೇ ತಿಳಿಯದಂತೆ ತಮ್ಮ ಕಿವಿಯ ಮೇಲೆ ಹೋಯಿತು. ಮಗಳನ್ನು ಹತ್ತಿರ ಕರೆದು, ಕೂದಲು ಸರಿಸಿ ನೋಡಿದರು. ಆಮೇಲೆ ಟೀಚರ ಕಡೆ ತಿರುಗಿ, "ಇಂಗೆಲ್ಲಾ ಮಾಡಂಗಿಲ್ಲಮ್ಮ. ಯಾವ ಮಗುನೂ ಒರಗೆ ನಿಲ್ಸಂಗಿಲ್ಲ, ಮೈ ಮುಟ್ಟಂಗಿಲ್ಲ. ಇನ್ನೊಂದ್ ಸಲ ಕಿವೀಗೆ ಬಿದ್ರೆ ನೀವು ಈ ಸ್ಕೂಲಲ್ಲಿ ಇರಂಗಿಲ್ಲ" ಅಂದರು. ದನಿ ಏರಿಸಲಿಲ್ಲ. ಅದಕ್ಕೇ ಎಲ್ಲರಿಗೂ ಚೆನ್ನಾಗಿ ಕೇಳಿಸಿತು.

ಟೀಚರ ಮುಖ ಬಾಡಿತು. ಬಗ್ಗಿ, "ಸಾರಿ ಪುಟ್ಟಾ, ನಾನು ಹಾಗೆ ಮಾಡಬಾರದಿತ್ತು" ಅಂದರು. ಮಗಳು ತಲೆಯಾಡಿಸಿದಳು. ನನಗೆ ಅಷ್ಟು ಬೇಗ ತಲೆಯಾಡಿಸಲು ಆಗಲಿಲ್ಲ. ಮರುದಿನದಿಂದ ಅವಳನ್ನು ಬೇರೆ ಸೆಕ್ಷನ್ನಿಗೆ ಹಾಕಿಸಿಕೊಂಡೇ ಬಿಟ್ಟೆ.

ಅವತ್ತು ನಾವು ಗೇಟಿನ ಹತ್ತಿರ ಬರುವಷ್ಟರಲ್ಲಿ ಗೌಡರು ಪಂಚೆ ಎತ್ತಿಕೊಂಡು ಹಿಂದೆಯೇ ಬಂದರು. ಯಾರೂ ಇಲ್ಲ ಅಂತ ಅತ್ತಿತ್ತ ನೋಡಿ, ಬಾಗಿ ಮಗಳ ಹತ್ತಿರ ಗುಟ್ಟಾಗಿ ಕೇಳಿದರು: "ಅವ್ವಾ, ನಿಜ ಏಳು. ನಾನು ಗೊರಕೆ ಒಡೀತಿದ್ನಾ?"

ಮಗಳು ಸ್ವಲ್ಪ ಹೊತ್ತು ಆಕಾಶ ನೋಡಿದಳು. ಅವರ ಮನಸ್ಸು ನೋಯದ ಹಾಗೆ ಹೇಳಿದಳು:

"ಇಲ್ಲ ತಾತ. ಯೋಚ್ನೆ ಸ್ವಲ್ಪ ಜೋರಾಗಿತ್ತು."