ಹಿಂಡಿ ಅಟ್ಟಿಯ ಆಡಿಟ್ಟು

ಕಳ್ಳತನ ಕಂಡುಹಿಡಿಯುವುದು ಒಂದು ಕಲೆ, ಆ ಕಲೆ ನನಗೆ ಒಲಿದಿದೆ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ನಾನು ಹಾಲಿನ ಸಂಘಗಳ ಒಳ ಲೆಕ್ಕಪರಿಶೋಧಕ, ಅಂದರೆ ಎಲ್ಲರ ಬಾಯಲ್ಲಿ ಆಡಿಟರ್. ಬಂಗಾರಪೇಟೆಯ ನಮ್ಮ ಮನೆಯಲ್ಲಿ ಚಕ್ಕುಲಿ ಡಬ್ಬವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಬೆಳಗಿನಿಂದ ಎಷ್ಟು ಖಾಲಿಯಾಗಿದೆ ಎಂದು ಹೇಳಬಲ್ಲೆ. "ಹೆಂಡತಿ ಮಕ್ಕಳನ್ನೂ ಅನುಮಾನಿಸೋ ಕೆಲಸ ಅದ್ಯಾವುದ್ರೀ" ಎಂದು ನನ್ನವಳು ಗೊಣಗುತ್ತಾಳೆ. ಗೊಣಗಲಿ. ಈಚೆಗೆ ಮಾತ್ರ ಅವಳೂ ಏನೋ ತನಿಖೆ ನಡೆಸಿ, ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ನನ್ನಿಂದ ಬಚ್ಚಿಡುತ್ತಿದ್ದಾಳೆ.

ಮೊನ್ನೆ ಕ್ಯಾಸಂಬಳ್ಳಿ ಕಡೆಯ ಒಂದು ಹಳ್ಳಿಯ ಸಂಘಕ್ಕೆ ಹೋಗಿದ್ದೆ. ಅಲ್ಲಿ ರತ್ನಮ್ಮ ಎಂಬಾಕೆ, ನಾಲ್ಕು ಸೀಮೆಹಸು ಸಾಕಿರುವ ಅರವತ್ತರ ಹೆಂಗಸು, ಗಲಾಟೆ ಎಬ್ಬಿಸಿದ್ದರು. ಸದಸ್ಯರಿಗೆ ಸೇರಬೇಕಾದ ಹಿಂಡಿ ಮೂಟೆಗಳನ್ನು ಕಾರ್ಯದರ್ಶಿ ಹೊರಗೆ ಮಾರಿಕೊಳ್ಳುತ್ತಿದ್ದಾನೆ ಎಂಬುದು ಅವರ ದೂರು. ಕಾರ್ಯದರ್ಶಿ ನಾರಾಯಣಪ್ಪ ಕಡಿಮೆಯವನಲ್ಲ. ಆಡಿಟರು ಬಂದು ಸ್ಟಾಕು ಸರಿಯಿದೆ ಎಂದರೆ ಈಯಮ್ಮನ ಸದಸ್ಯತ್ವ ರದ್ದು ಎಂದು ಆಡಳಿತ ಮಂಡಳಿಯಿಂದ ಬರೆಸಿಕೊಂಡಿದ್ದ. ಸದಸ್ಯತ್ವ ಹೋದರೆ ರತ್ನಮ್ಮ ಹಾಲನ್ನು ಎಲ್ಲಿಗೆ ಹಾಕಬೇಕು? ಅವರ ಮನೆ ನಡೆಯುವುದೇ ಆ ಹಾಲಿನ ಮೇಲೆ.

ಊರಿಗೆ ಊರೇ ಗೋಡೌನಿನ ಬಾಗಿಲಲ್ಲಿ ನಿಂತಿತು. ಅಷ್ಟು ಜನ ನೋಡುವಾಗ ನನಗೂ ಹುರುಪು. ಮೂಟೆಗಳನ್ನು ಅಚ್ಚುಕಟ್ಟಾಗಿ ಅಟ್ಟಿ ಒಟ್ಟಿದ್ದರು. ಉದ್ದಕ್ಕೆ ಹತ್ತು, ಅಗಲಕ್ಕೆ ಆರು, ಎತ್ತರಕ್ಕೆ ಎಂಟು. ಗುಣಿಸಿದೆ. ಪುಸ್ತಕಕ್ಕೂ ಇದಕ್ಕೂ ಒಂದು ಮೂಟೆಯ ವ್ಯತ್ಯಾಸವಿಲ್ಲ. ಸರಿಯಿದೆ ಎಂದು ಬರೆಯಲು ಪೆನ್ನು ತೆಗೆದೆ.

"ಓದ ವರ್ಸಾನೂ ಇಂಗೇ ಸುತ್ತ ಎಣಿಸ್ಕೊಂಡು ಓದ್ರಿ" ಎಂದರು ರತ್ನಮ್ಮ. "ಮೇಲತ್ತಿ ನೋಡಿ ಸಾರ್."

"ಅಮ್ಮಾ, ಇಪ್ಪತ್ತು ವರ್ಷದಿಂದ ಎಣಿಸ್ತಾ ಇದೀನಿ" ಎಂದೆ, ಗತ್ತಿನಲ್ಲೇ.

"ಎಣಿಸಿದ್ದು ಸಾಕು, ಅತ್ತಿ."

"ಬ್ಯಾಡಿ ಸಾರ್, ಪ್ಯಾಂಟೆಲ್ಲ ದೂಳಾಯ್ತದೆ" ಎಂದ ನಾರಾಯಣಪ್ಪ. ನನ್ನಂಥ ಅನುಭವಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಪಾಪ, ನನ್ನ ಪ್ಯಾಂಟಿನ ಮೇಲೆ ಎಷ್ಟು ಕಾಳಜಿ ಎಂದು ಮನಸ್ಸು ಕರಗಿತು. ಆದರೂ ಆಯಮ್ಮನ ಬಾಯಿ ಮುಚ್ಚಿಸಿಯೇ ತೀರಬೇಕೆಂದು ಏಣಿ ತರಿಸಿ ಹತ್ತಿದೆ. ಮೇಲೆ ನಿಂತು ಸೊಂಟದ ಮೇಲೆ ಕೈಯಿಟ್ಟು, "ನೋಡಿ, ಎಲ್ಲಾ ಭದ್ರವಾಗಿದೆ" ಎನ್ನುತ್ತ ನಡುಮಧ್ಯಕ್ಕೆ ಹೆಜ್ಜೆ ಇಟ್ಟೆ. ಕಾಲ ಕೆಳಗೆ ಏನೋ ಲಟಕ್ಕೆಂದಿತು. ಎರಡು ಮೂಟೆಗಳ ಜೊತೆಯಲ್ಲಿ ನಾನೂ ಒಳಗೆ ಇಳಿದೆ.

ಒಳಗೆ ಒಂದು ಕೋಣೆಯಷ್ಟು ಜಾಗ ಬಟಾಬಯಲು. ಸುತ್ತ ಮೂಟೆಯ ಗೋಡೆ, ಮೇಲೆ ಹಲಗೆ ಹಾಸಿ ಒಂದೇ ಪದರ ಮೂಟೆಯ ಮುಚ್ಚಳ. ಹೊರಗಿನಿಂದ ರತ್ನಮ್ಮನ ದನಿ ಕೇಳಿಸಿತು.

"ಸಾರ್, ಒಳಗೆ ಎಷ್ಟು ಮೂಟೆ ಅವೆ?"

"ಬಿದ್ದಿರೋದು ಎರಡು" ಎಂದೆ. "ಮಿಕ್ಕಂತೆ ನಾನೊಬ್ಬನೇ."

ಏಣಿ ಇಳಿಬಿಟ್ಟು ನನ್ನನ್ನು ಮೇಲಕ್ಕೆತ್ತಿದರು. ಸೊಂಟ ಹಿಡಿದಿತ್ತು, ಕೈ ಮಾತ್ರ ನೆಟ್ಟಗಿತ್ತು. ಎಲ್ಲರ ಎದುರಿಗೇ ವರದಿ ಬರೆದು ಗಟ್ಟಿಯಾಗಿ ಓದಿದೆ: ಸೂಕ್ಷ್ಮ ಪರಿಶೀಲನೆಯಿಂದ ವಂಚನೆ ಪತ್ತೆಯಾಗಿದೆ, ಕಾರ್ಯದರ್ಶಿಯ ಮೇಲೆ ಕ್ರಮವಾಗಬೇಕು, ರತ್ನಮ್ಮನವರ ದೂರು ನಿಜ, ಅವರ ಸದಸ್ಯತ್ವ ಮುಂದುವರಿಯಬೇಕು, ಹಿಂದಿನ ಸಾಲಿನ ಆಡಿಟರು ಅಟ್ಟಿಯನ್ನು ಸರಿಯಾಗಿ ನೋಡದೆ ಸಹಿ ಹಾಕಿರುತ್ತಾರೆ. ನಾರಾಯಣಪ್ಪ ತಲೆ ತಗ್ಗಿಸಿದ. ಜನ ತಲೆದೂಗಿದರು.

"ಆ ಓದ ಸಾಲಿನೋರು ಯಾರು ಸಾರ್?" ಎಂದರು ರತ್ನಮ್ಮ.

ಎಲ್ಲರೂ ನನ್ನ ಮುಖ ನೋಡಿದರು. ನಾಚಿಕೆಯಾಯಿತು, ಸುಳ್ಳೇಕೆ. 'ಹಿಂದಿನ ಸಾಲಿನ ಆಡಿಟರು' ಎಂಬುದನ್ನು ಹೊಡೆದುಹಾಕಿ, ಮೇಲಿನ ಸಂದಿಯಲ್ಲಿ ನನ್ನ ಹೆಸರನ್ನು ಬರೆದೆ.

ರತ್ನಮ್ಮ ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಬಗ್ಗಿದರು. "ಒಂಚೂರು ದೊಡ್ದಾಗಿ ಬರೀರಿ ಸಾರ್. ಕಾಣಿಸ್ತಾ ಇಲ್ಲ."