ವರ್ಚುವೋಸೊ ನುಡಿಸತಕ್ಕದ್ದಲ್ಲ

ನಮ್ಮ ಸಂಗೀತ ಅಕಾಡೆಮಿಯಲ್ಲಿ ‘ವರ್ಚುವೋಸೊ’ ಎಂಬ ಬಿರುದು ಜಾರಿಯಲ್ಲಿದೆ. ಇಟಲಿಯಿಂದ ಬಂದ ಪದ. ಕಲೆಯಲ್ಲಿ ಅಸಾಮಾನ್ಯ ಪಾಂಡಿತ್ಯ, ಕೈಚಳಕ ಉಳ್ಳವರಿಗೆ ಸಲ್ಲುತ್ತದೆ. ಬಿರುದು ಪಡೆದವರು ವಾದ್ಯ ಮುಟ್ಟತಕ್ಕದ್ದಲ್ಲ ಎಂಬುದು ನಿಯಮ. ಗುಮಾಸ್ತನಾದ ನಾನೇ ಅದನ್ನು ಟೈಪು ಮಾಡಿದ್ದು.

ನಿಯಮಕ್ಕೆ ಕಾರಣವಿದೆ. ಹಿಂದೊಬ್ಬ ವರ್ಚುವೋಸೊ ತುಂಬಿದ ಸಭೆಯಲ್ಲಿ ಅಪಸ್ವರ ನುಡಿಸಿ ಆಯ್ಕೆ ಸಮಿತಿಯ ಮಾನ ಹರಾಜು ಹಾಕಿದ್ದರು. ನುಡಿಸಿದರೆ ತಾನೇ ತಪ್ಪಾಗುವುದು ಎಂದು ಸಮಿತಿ ತಲೆ ಓಡಿಸಿತು.

ಈ ಸಲ ಬಿರುದು ಬಂದದ್ದು ಪಿಟೀಲಿನವರಿಗೆ. ಪಾಪ, ಪಿಟೀಲು ಬಿಟ್ಟರೆ ಅವರಿಗೆ ಬೇರೆ ಲೋಕವೇ ಇರಲಿಲ್ಲ. ಪದಕ ಕೊರಳಿಗೆ ಬಿದ್ದ ಕೂಡಲೇ ನಿರ್ದೇಶಕರ ಕೋಣೆಗೆ ಓಡಿಬಂದರು.

“ಸಾರ್, ಮನೇಲಿ ಅಭ್ಯಾಸನಾದ್ರೂ ಮಾಡ್ಬಹುದಾ?”

“ಅಭ್ಯಾಸ ಯಾರ್ರೀ ಮಾಡ್ತಾರೆ? ಬರದೇ ಇರೋರು. ಯಾರಾದ್ರೂ ಕೇಳಿಸ್ಕೊಂಡ್ರೆ ಬಿರುದು ವಾಪಸ್.”

“ಕೈ ಸುಮ್ಮನಿರಲ್ಲ ಸಾರ್.”

“ಜೇಬಲ್ಲಿಟ್ಕೊಳ್ಳಿ.”

ಸನ್ಮಾನದ ಕಛೇರಿಗೆ ಟಿಕೆಟ್ ದರ ಏರಿಸಲಾಯಿತು. ಪಕ್ಕವಾದ್ಯದವರ ಅಗತ್ಯ ಬೀಳಲಿಲ್ಲ; ಆ ಉಳಿತಾಯ ನಿರ್ದೇಶಕರ ಕೋಣೆಯಲ್ಲಿ ಹೊಸ ಸೋಫಾ ಆಯಿತು. ಪಿಟೀಲಿನವರು ಮುಚ್ಚಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ವೇದಿಕೆಯಲ್ಲಿ ಕೂತರು. ಬೆರಳುಗಳು ಮಾತ್ರ ಪೆಟ್ಟಿಗೆಯ ಮೇಲೆ ತಮ್ಮ ಪಾಡಿಗೆ ಓಡಾಡುತ್ತಿದ್ದವು. ನಿರ್ದೇಶಕರು ಮುಂದಿನ ಸಾಲಿನಿಂದ ಕೆಮ್ಮಿದ ಮೇಲೆ ನಿಂತವು. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನದ ಪತ್ರಿಕೆಯಲ್ಲಿ ವಿಮರ್ಶಕರು “ಹುಡುಕಿದರೂ ಒಂದು ಅಪಸ್ವರ ಸಿಗದು” ಎಂದು ಬರೆದರು. ಸುಳ್ಳೆನ್ನುವಂತಿಲ್ಲ.

ಇದೇ ಅಳತೆಗೋಲಿನಲ್ಲಿ ನೋಡಿದರೆ, ಹುಟ್ಟಿದಾಗಿನಿಂದ ಯಾವ ವಾದ್ಯವನ್ನೂ ಮುಟ್ಟದ ನಿರ್ದೇಶಕರು ಎಲ್ಲರಿಗಿಂತ ಮೇಲಿದ್ದರು. ಮುಂದಿನ ಬಿರುದು ಅವರಿಗೇ ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು. ಸಮಿತಿಯ ಅಧ್ಯಕ್ಷರೂ ಅವರೇ. ನಾಚಿಕೆ ಎಂಬ ವಿಷಯ ಅಂದಿನ ಕಾರ್ಯಸೂಚಿಯಲ್ಲಿ ಇರಲಿಲ್ಲ.

ಮೊನ್ನೆ ಸಂಜೆ ಪಿಟೀಲಿನವರ ಮನೆಗೆ ಹೋಗಿದ್ದೆ. ಒಳಕೋಣೆಯಲ್ಲಿ ಅವರ ಮಗಳು ಪಿಟೀಲಿನ ಧೂಳು ಒರೆಸಿ, ಅಪ್ಪ ಹಿಂದೆ ಕಲಿಸಿದ್ದನ್ನೇ ನುಡಿಸುತ್ತಿದ್ದಳು. ತಪ್ಪುತ್ತಿದ್ದಳು, ತಿದ್ದಿಕೊಳ್ಳುತ್ತಿದ್ದಳು, ಮತ್ತೆ ನುಡಿಸುತ್ತಿದ್ದಳು. ಕೇಳಲು ಬಹಳ ಹಿತವಾಗಿತ್ತು. ಪಿಟೀಲಿನವರ ಕಣ್ಣು ತುಂಬಿ ಬಂತು. ಎದ್ದು ಒಳಗೆ ಹೋದರು. ಹೇಳಿಕೊಡುತ್ತಾರೆ ಅಂದುಕೊಂಡೆ. ಕಿಟಕಿ ಮುಚ್ಚಿದ ಸದ್ದು ಕೇಳಿಸಿತು.

“ನಿಲ್ಸು ಮಗಳೇ,” ಅಂದರು. “ಪಕ್ಕದ ಮನೆಯವ್ರು ನಾನೇ ನುಡಿಸ್ತಿದೀನಿ ಅಂದ್ಕೊಂಡಾರು.”

“ಸರಿ ಅಪ್ಪಾ.”

ಪಿಟೀಲು ನಿಂತಿತು. ರೂಢಿಯಂತೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.