ಹಸಿರು ಲಾಟೀನಿಗೆ ಹೆದರದ ಮನೆ

ಒಂದು ಪುಸ್ತಕ ಇಷ್ಟವಾದರೆ ಸುಮ್ಮನಿರಲು ಬಾರದ ಜನರಿದ್ದಾರೆ. ಅದನ್ನು ಇನ್ನೊಬ್ಬರ ಕೈಗೆ ತುರುಕಿ, ಅವರು ಓದುವಾಗ ಎದುರಿಗೇ ಕುಳಿತು, ಹುಬ್ಬು ಎಲ್ಲಿ ಮೇಲೇರುತ್ತದೆ ಎಂದು ಕಾಯುವವರು. ಮದುವೆ ಮನೆಯಲ್ಲಿ ಬಡಿಸಿದವರು ಎಲೆಯ ಮುಂದೆಯೇ ನಿಂತು "ಹೇಗಿದೆ, ಹೇಗಿದೆ" ಎಂದು ಕೇಳಿದರೆ ಉಣ್ಣುವವರಿಗೆ ಎಷ್ಟು ಹಿಂಸೆಯೋ ಇದೂ ಅಷ್ಟೇ. ಗೊತ್ತಿದ್ದೂ ಗೊತ್ತಿದ್ದೂ ನಾನು ಆ ಪೈಕಿಗೆ ಸೇರಿದವಳು.

ನಾನು ಹೀಗೆ ತುರುಕುತ್ತಿದ್ದುದು 'ಬಂಗಲೆಯ ಹಸಿರು ಲಾಟೀನು' ಎಂಬ ಹಳೆಯ ಪತ್ತೇದಾರಿ ಕಾದಂಬರಿಯನ್ನು. ಹರೆಯಕ್ಕೆ ಕಾಲಿಡುವ ಮಕ್ಕಳಿಗೆಂದೇ ಬರೆದದ್ದು. ಹುಡುಗಿಯೊಬ್ಬಳು ರಜಕ್ಕೆಂದು ಒಬ್ಬಳೇ ಬಸ್ಸು ಹತ್ತಿ, ಬೆಟ್ಟದ ಮೇಲಿನ ಚಿಕ್ಕಪ್ಪನ ಕಾಫಿ ಎಸ್ಟೇಟಿಗೆ ಬರುತ್ತಾಳೆ. ಕತ್ತಲಾದರೆ ಕಾಫಿ ಮೂಟೆ ಇಡುವ ಸ್ಟೋರಿನ ಹಿಂದೆ ಒಂದು ಹಸಿರು ಲಾಟೀನು ತನ್ನಷ್ಟಕ್ಕೆ ತಾನು ಓಡಾಡುತ್ತದೆ. ಹನ್ನೊಂದನೇ ಅಧ್ಯಾಯದಲ್ಲಿ ಲಾಟೀನು ಆರಿ, ಅವಳ ಭುಜದ ಮೇಲೆ ತಣ್ಣನೆಯ ಕೈಯೊಂದು ಬೀಳುತ್ತದೆ. ಆ ಕೈ, ಲಾಟೀನು ಹಿಡಿದು ಕಳ್ಳಮಾಲು ಸಾಗಿಸುತ್ತಿದ್ದ, ಸಾಧುವಿನಂತಿದ್ದ ಚಿಕ್ಕಪ್ಪನದೇ ಎಂದು ಕೊನೆಗೆ ತಿಳಿಯುತ್ತದೆ. ಗುಟ್ಟು ಬಿಟ್ಟುಕೊಟ್ಟೆನೆಂದು ಬೈಯಬೇಡಿ, ಪುಸ್ತಕ ಈಗ ಎಲ್ಲೂ ಸಿಗುವುದಿಲ್ಲ. ಹದಿಮೂರರ ವಯಸ್ಸಿನಲ್ಲಿ ಅದನ್ನು ಓದಿದ ನಾನು ಎಷ್ಟೋ ದಿನ ಬಚ್ಚಲಿಗೂ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಆ ಭಯದಲ್ಲಿ ಎಂಥ ಸುಖವಿತ್ತು ಅಂತೀರಿ!

ಮದುವೆಯಾಗಿ ಕುಂದೂರಿನ ಹತ್ತಿರದ ಈ ಮನೆಗೆ ಬಂದು, ಆಲೂರಿನ ಹೈಸ್ಕೂಲಿನಲ್ಲಿ ಪಾಠ ಹೇಳತೊಡಗಿದಾಗ, ನನ್ನ ಜೊತೆ ನಡುಗಲು ಒಬ್ಬರಾದರೂ ಸಿಕ್ಕಾರೆಂದು ಆಸೆಪಟ್ಟೆ. ಮೊದಲು ಓದಿದವರು ನಮ್ಮ ಯಜಮಾನರು. ಒಂದಿಷ್ಟು ಕಾಫಿ ತೋಟವಿರುವ ಮನುಷ್ಯ. ಪುಸ್ತಕ ಮುಚ್ಚಿ ಕೆಂಡವಾದರು.

"ಒಂದೇ ಪುಟದಾಗೆ ಆಳುಗಳು ಹಣ್ಣು ಕೊಯ್ತಾವ್ರೆ, ತೋಟ ಎಲ್ಲ ಹೂ ಬಿಟ್ಟು ಘಮ್ ಅಂತಲೂ ಐತೆ! ಹಣ್ಣು ಕೊಯ್ದು ಮುಗಿದ ಮೇಲಲ್ವಾ ಹೂವು? ಇದನ್ನ ಬರ್ದೋನು ಕಾಫಿ ಕುಡ್ದವ್ನೆ ಅಷ್ಟೆ ಕಣೆ, ಗಿಡ ಕಂಡಿಲ್ಲ."

"ಭುಜದ ಮೇಲೆ ಕೈ ಬಿತ್ತಲ್ಲ ರೀ?"

"ಬೀಳ್ಲಿ ಬುಡು. ಮೊದ್ಲು ಆ ಹೂವಿಗೊಂದು ದಾರಿ ಕಾಣಿಸ್ಲಿ."

ಅತ್ತೆಗೆ ನಾನೇ ಓದಿ ಹೇಳಿದೆ. ಎರಡನೇ ಅಧ್ಯಾಯದಲ್ಲೇ ಅವರು ತೀರ್ಪು ಕೊಟ್ಟರು. "ಮಗು ಬಂದು ಇಷ್ಟೊತ್ತಾಯ್ತು, ಆ ಚಿಕ್ಕಮ್ಮ ಅನ್ನೋಳು ಒಂದು ಲೋಟ ಕಾಫಿ ಕೊಡ್ಲಿಲ್ಲ. ತೋಟ ಮಡಗ್ಕೊಂಡೂ! ಅವಳೇ ಕಣವ್ವ ಕಳ್ಳಿ." ಕೊನೆಗೆ ಚಿಕ್ಕಪ್ಪ ಸಿಕ್ಕಿಬಿದ್ದರೂ ತೀರ್ಪು ಬದಲಾಗಲಿಲ್ಲ. "ಪಾಪ, ಹೆಂಡ್ತಿ ಮಾತು ಕಟ್ಕೊಂಡು ಕೆಟ್ಟೋದ" ಎಂದು ಅವನಿಗಾಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಮ್ಮ ಶಾಲೆಯ ಮುಮ್ತಾಜ್ ಟೀಚರ್ ಕಾಫಿ ವ್ಯಾಪಾರಿಯ ಮಗಳು. ಅವರಾದರೂ ಹೆದರಿಯಾರು ಎಂದುಕೊಂಡೆ. ಹೆದರಿದ್ದರು ಕೂಡ, ಆದರೆ ಬೇರೆಯದಕ್ಕೆ. "ಚಿಕ್ಕಪ್ಪನ್ನ ಪೊಲೀಸ್ನೋರು ಎಳ್ಕೊಂಡ್ ಹೋಗ್ಬುಟ್ರು. ಕಣದಲ್ಲಿ ಒಣಗ್ತಿದ್ದ ಕಾಫಿನ ಯಾರು ಒಳಗೆ ಹಾಕಿದ್ರು ಮೇಡಂ? ಮೋಡ ಬೇರೆ ಕವಿದಿತ್ತು ಅಂತ ಬರ್ದವ್ರೆ!"

ಈ ಸೀಮೆಯ ಜನಕ್ಕೆ ದೆವ್ವವನ್ನೇ ತಂದು ತೋರಿಸಿದರೂ, ಅದು ಯಾವ ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ ಎಂದು ಕೇಳುತ್ತಾರೆ. ಇಷ್ಟು ಒಳ್ಳೆಯ ಜನ ಇಷ್ಟು ಕೆಟ್ಟ ಓದುಗರಾಗುವುದು ಹೇಗೆ ಎಂದು ನನಗೆ ಅಳುವೇ ಬರುತ್ತಿತ್ತು. ಉಳಿದಿದ್ದ ಒಂದೇ ಆಸೆ ಮಗಳು ಚೈತ್ರ. ಅವಳಿಗೆ ಹದಿಮೂರು ತುಂಬುವ ತನಕ ಪುಸ್ತಕವನ್ನು ಬೀರುವಿನ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟೆ. ತುಂಬಿದ ದಿನ ತೆಗೆದುಕೊಟ್ಟು, ಲಾಟೀನಿನವನ ಹೆಸರೆತ್ತಕೂಡದೆಂದು ಮನೆಯವರಿಂದೆಲ್ಲ ಆಣೆ ಹಾಕಿಸಿಕೊಂಡೆ. ಅತ್ತೆಗಂತೂ ಬಾಯಿ ಕಟ್ಟಿದ್ದು ಊಟ ಬಿಟ್ಟದ್ದಕ್ಕಿಂತ ಕಷ್ಟವಾಯಿತು. ರೊಟ್ಟಿ ತಟ್ಟುತ್ತಲೇ "ಆ ಚಿಕ್ಕಮ್ಮ..." ಎಂದು ಶುರುಮಾಡುವರು, ನಾನು ಕಣ್ಣು ಬಿಟ್ಟರೆ "...ಚೆನ್ನಾಗವ್ಳೆ" ಎಂದು ಮುಗಿಸುವರು.

ಹನ್ನೊಂದನೇ ಅಧ್ಯಾಯದ ಸಂಜೆ ಪುಣ್ಯಕ್ಕೆ ಕರೆಂಟೂ ಹೋಯಿತು. ಚೈತ್ರ ಮೇಣದ ಬತ್ತಿಯ ಮುಂದೆ ಓದುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತೆ. ಒಂದು ಪುಟ ತಿರುಗಿತು, ಇನ್ನೊಂದು ತಿರುಗಿತು. ಆಮೇಲೆ ಒಳಗಿನಿಂದ ಕಿಸಕ್ಕೆಂದು ನಗು ಕೇಳಿಸಿತು.

"ಯಾಕೆ ನಗ್ತೀಯೆ?" ಎಂದು ಒಳಗೆ ನುಗ್ಗಿದೆ.

"ಅಯ್ಯೋ ಅಮ್ಮ, ಈ ಹುಡುಗಿ ಮೂರನೇ ಸಲ ಮೂರ್ಛೆ ಹೋಗ್ತಾ ಅವ್ಳೆ! ಚಿಕ್ಕಪ್ಪನೇ ಅಂತ ನಂಗೆ ಆಗ್ಲೇ ಗೊತ್ತಾಯ್ತು, ಇವ್ಳಿಗೆ ಗೊತ್ತಾಗ್ಬಾರ್ದಾ?"

ನನ್ನ ಮುಖ ಎಷ್ಟು ಸಣ್ಣಗಾಗಿತ್ತೋ ಏನೋ, ಮಗು ಎದ್ದು ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. "ಬೇಜಾರು ಮಾಡ್ಕೋಬೇಡಮ್ಮ, ನಂಗೆ ತುಂಬಾ ಇಷ್ಟ ಆಯ್ತು. ಒಬ್ಳೇ ಬಸ್ಸಲ್ಲಿ ಹೋಗ್ತಾಳಲ್ಲ, ಅದು. ಈ ರಜಕ್ಕೆ ನಾನೂ ಬಿಸಿಲೆ ಚಿಕ್ಕಪ್ಪನ ಮನೆಗೆ ಒಬ್ಳೇ ಹೋಗ್ತೀನಿ."

ಘಟ್ಟದ ಊರಾದ ಬಿಸಿಲೆಯಲ್ಲಿರುವುದು ಯಜಮಾನರ ಸ್ವಂತ ತಮ್ಮ. ಮಾತು ಕಡಿಮೆ, ಮೆತ್ತನೆಯ ಸ್ವಭಾವ. "ಬೇಡ" ಎಂದುಬಿಟ್ಟೆ.

"ಯಾಕೆ? ನನ್ನ ತಮ್ಮ ಇರುವೆ ತುಳಿಯಕ್ಕೂ ಹೆದ್ರೋನು ಕಣೆ," ಎಂದರು ಯಜಮಾನರು.

"ಪುಸ್ತಕದ ಚಿಕ್ಕಪ್ಪನೂ ಹಾಗೇ ಇದ್ದ!"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಪುಸ್ತಕದ ಆ ಹುಡುಗಿಗೆ ಒಬ್ಬಳು ತಾಯಿಯೂ ಇದ್ದಳೆಂದು ನನಗೆ ಹೊಳೆದದ್ದೇ ಆಗ. ಮೊದಲ ಪುಟದಲ್ಲಿ ಬಸ್ಸಿಗೆ ಕೈಬೀಸಿ ಮನೆಗೆ ಹೋದವಳು ಆಮೇಲೆ ಪತ್ತೆಯೇ ಇಲ್ಲ. ಎಂಥ ಕಲ್ಲೆದೆಯವಳು! ಇಷ್ಟು ಸಲ ಓದಿದ ನಾನು ಅವಳ ಸುದ್ದಿಯನ್ನೇ ಎತ್ತಿರಲಿಲ್ಲ.

ಮಗಳ ಹಟವೇ ಗೆದ್ದಿತು. ಸಕಲೇಶಪುರದ ಬಸ್‌ಸ್ಟ್ಯಾಂಡಿನವರೆಗೆ ನಾವಿಬ್ಬರೂ ಹೋಗಿ ಬಿಸಿಲೆ ಬಸ್ಸಿಗೆ ಹತ್ತಿಸಿದೆವು. "ಹೆದರಿಕೆ ಆದ್ರೆ ಏನು ಮಾಡ್ತೀಯೆ?" ಎಂದು ಕಿಟಕಿಯಲ್ಲಿ ಕೇಳಿದೆ.

"ಹೆದರಿಕೆ ಎಲ್ಲ ನೀನೇ ಇಟ್ಕೊಂಡಿದೀಯಲ್ಲಮ್ಮ, ನಂಗೆಲ್ಲಿ ಉಳ್ದೈತೆ?" ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

"ಏನೇ ಮಾರಾಯ್ತಿ, ಎತ್ಲಾಗೆ ಹೊಂಟೆ?" ಎಂದು ಯಜಮಾನರು ಹಿಂದಿನಿಂದ ಕೇಳಿದರು. ಬಿಸಿಲೆಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಲು ನಾನು ಆಗಲೇ ಕೌಂಟರಿನ ಕಡೆ ಓಡುತ್ತಿದ್ದೆ.